ರಂಗಸ್ವಾಮಯ್ಯನವರಿಗೆ ಜೋಡಿಸಿಕೊಟ್ಟ ಕಂಪ್ಯೂಟರ್

2019ರಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ನಡೆಸುತ್ತಿದ್ದೆ. ಈಗಲೂ ಅದೇ ಅಂಗಡಿ, ಅದೇ ಕೆಲಸ. ಆ ಹೊತ್ತಿಗೆ ಹದಿನಾಲ್ಕು ವರ್ಷಗಳ ಅನುಭವವಾಗಿತ್ತು. ಶಾಲೆಗಳಿಗೆ, ಬಟ್ಟೆ ಅಂಗಡಿಗಳಿಗೆ, ಕಾರ್ಖಾನೆಗಳ ಗೇಟ್ ಆಫೀಸಿಗೆ ನೂರಾರು ಯಂತ್ರ ಕೊಟ್ಟಿದ್ದೆ. ಆದರೆ ಹೋಮ್ ಥಿಯೇಟರ್ ಪಿಸಿ, ಅಂದರೆ ಟಿವಿಗೆ ಜೋಡಿಸಿ ಸಿನಿಮಾ ನೋಡಲೆಂದೇ ಕಟ್ಟುವ ಕಂಪ್ಯೂಟರ್, ಬೇಕೆಂದು ಯಾರೂ ಕೇಳಿರಲಿಲ್ಲ. ಮೊದಲು ಕೇಳಿದವರು ರಂಗಸ್ವಾಮಯ್ಯ.

ಅವರು ಬಾಶೆಟ್ಟಿಹಳ್ಳಿಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮಗ್ಗಗಳ ನಡುವೆ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಆ ಸದ್ದಿನಲ್ಲಿ ಕಿವಿ ಹೋಗಿತ್ತು. ಎದುರಿಗೆ ನಿಂತು, ತುಟಿ ಕಾಣುವಂತೆ ಜೋರಾಗಿ ಹೇಳಿದರೆ ಮಾತ್ರ ತಿಳಿಯುತ್ತಿತ್ತು. ಅವರ ಹೆಂಡತಿ ಸಾವಿತ್ರಮ್ಮನವರದು ತದ್ವಿರುದ್ಧ ಕಷ್ಟ. ಅರೆತಲೆನೋವು, ಸಣ್ಣ ಸದ್ದನ್ನೂ ತಡೆಯಲಾಗುತ್ತಿರಲಿಲ್ಲ. ಗಂಡನಿಗೆ ಕೇಳುವಷ್ಟು ಜೋರಾಗಿ ಟಿವಿ ಹಾಕಿದರೆ ಹೆಂಡತಿ ಎದ್ದು ಅಡುಗೆಮನೆಗೆ ಹೋಗಬೇಕು. ಮದುವೆಯಾದಾಗಿನಿಂದ ವಾರಕ್ಕೊಂದು ಸಿನಿಮಾ ನೋಡುತ್ತಿದ್ದ ಆ ದಂಪತಿ ಆರು ವರ್ಷಗಳಿಂದ ಒಟ್ಟಿಗೆ ಕೂತು ಏನನ್ನೂ ನೋಡಿರಲಿಲ್ಲ.

ಕಂಪ್ಯೂಟರಿನಲ್ಲಿ ಒಂದೇ ಸಿನಿಮಾದ ಧ್ವನಿಯನ್ನು ಎರಡು ದಾರಿಯಲ್ಲಿ ಕಳಿಸಬಹುದೆಂದು ಅವರು ಯಾರಿಂದಲೋ ತಿಳಿದುಕೊಂಡಿದ್ದರು. ತಮಗೆ ಹೆಡ್‌ಫೋನಿನಲ್ಲಿ ಜೋರಾಗಿ, ಹೆಂಡತಿಗೆ ಚಿಕ್ಕ ಸ್ಪೀಕರಿನಲ್ಲಿ ಮೆತ್ತಗೆ.

"ಒಂದೇ ಒಂದು ಮಾತು ಕಣಪ್ಪ," ಅಂದರು. "ಡಬ್ಬ ಸದ್ದು ಮಾಡ್ಬಾರ್ದು. ಮಾಡ್ತದೋ ಇಲ್ವೋ ನಂಗೆ ಗೊತ್ತಾಗಲ್ಲ. ನೀನೇ ಕೇಳಿ ಹೇಳ್ಬೇಕು."

ಭಾಗಗಳನ್ನು ಹೇಗೆ ಆರಿಸಬೇಕೆಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ತನ್ನೊಳಗೇ ಇರುವ, ಕಡಿಮೆ ಬಿಸಿಯಾಗುವ ಪ್ರೊಸೆಸರ್. ಎಂಟು ಜಿಬಿ ರ‍್ಯಾಮ್. ಸಿನಿಮಾ ತುಂಬಿಡಲು, ತಿರುಗುವ ಭಾಗವೇ ಇಲ್ಲದ, ಸದ್ದಿಲ್ಲದ ಎಸ್‌ಎಸ್‌ಡಿ ಡಿಸ್ಕ್. ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್. ಸಿನಿಮಾಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ. ಇಷ್ಟನ್ನೂ ತರಿಸಿದೆ.

ಆದರೆ ಅಂಗಡಿಯ ಕಪಾಟಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಎಂಟು ತಿಂಗಳಿಂದ ಕೂತಿತ್ತು. ಅದು ಗೇಮ್ ಆಡುವವರಿಗೆ ಬೇಕಾದ ವಸ್ತು. ಆರ್ಡರ್ ಕೊಟ್ಟವರು ತೆಗೆದುಕೊಳ್ಳಲಿಲ್ಲ, ವಿತರಕರು ವಾಪಸು ಪಡೆಯಲಿಲ್ಲ. ಅದರ ಮೇಲೆ ಎರಡು ಚಿಕ್ಕ ಫ್ಯಾನ್‌ಗಳಿದ್ದವು. ಚಿಕ್ಕ ಫ್ಯಾನ್ ವೇಗವಾಗಿ ತಿರುಗಬೇಕಾದ್ದರಿಂದ ಸದ್ದು ಹೆಚ್ಚು.

"ನಿಮ್ದು ಫೋರ್ ಕೆ ಟಿವಿ ಅಲ್ವಾ ಯಜಮಾನ್ರೇ, ಅಷ್ಟು ಸ್ಪಷ್ಟ ಚಿತ್ರಕ್ಕೆ ಇದು ಇರ್ಲೇಬೇಕು," ಅಂದೆ.

ಅದು ಸುಳ್ಳು. ಜೋಡಿಸಿದ ಮೇಲೆ ಅಂಗಡಿಯಲ್ಲೇ ಸಿನಿಮಾ ಹಾಕಿ ತೋರಿಸಿದೆ. ರಸ್ತೆಯ ಗದ್ದಲದ ನಡುವೆಯೂ ಫ್ಯಾನ್‌ಗಳು ಗುಂಯ್‌ಗುಡುವುದು ನನಗೆ ಕೇಳುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಾ, "ಸದ್ದು ಐತಾ?" ಎಂದು ಕೇಳಿದರು.

"ಏನೂ ಇಲ್ಲ," ಅಂದೆ.

ನಾಲ್ಕು ತಿಂಗಳ ನಂತರ ಫೋನ್ ಬಂತು. ಮಾತಾಡಿದ್ದು ಸಾವಿತ್ರಮ್ಮ, ಚಿತ್ರ ಮಧ್ಯೆ ಮಧ್ಯೆ ನಿಲ್ಲುತ್ತದೆ ಎಂದರು. ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಹೋದೆ. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಕಂಪ್ಯೂಟರ್ ಹಾಕಿದೆ. ಅಂಗಡಿಯಲ್ಲಿ ಗುಂಯ್‌ಗುಟ್ಟಿದ್ದು ಆ ಪುಟ್ಟ ಕೋಣೆಯಲ್ಲಿ ಮಿಕ್ಸಿಯಂತೆ ಕೇಳಿಸಿತು. ಸಾವಿತ್ರಮ್ಮ ಸೆರಗಿನ ತುದಿಯಿಂದ ಕಿವಿ ಮುಚ್ಚಿಕೊಂಡರು.

"ಮೊದಲಿಂದ್ಲೂ ಹಿಂಗೇನಾ ಅಮ್ಮ?"

"ತಂದ ದಿನದಿಂದ ಹಿಂಗೇ ಅಪ್ಪ. ಹತ್ತಿ ಇಟ್ಕೊಂಡು ಕೂರ್ತೀನಿ. ಮಾತು ಒಂದೂ ತಿಳಿಯಲ್ಲ. ಅವ್ರು ಆಗಾಗ ನನ್ನ ಮುಖ ನೋಡ್ತಾರೆ. ಅವ್ರು ನಕ್ಕಾಗ ನಾನೂ ನಗ್ತೀನಿ."

"ಹೇಳ್ಬಾರ್ದಿತ್ತಾ?"

"ಅಷ್ಟು ಆಸೆಯಿಂದ ತಂದವ್ರೆ. ಹೆಂಗೆ ಹೇಳೋದು?"

ಡಬ್ಬ ಬಿಚ್ಚಿದೆ. ಎರಡು ಸ್ಕ್ರೂ ತೆಗೆದು, ಕಾದು ಚಿತ್ರ ನಿಲ್ಲಿಸುತ್ತಿದ್ದ ಆ ಕಾರ್ಡನ್ನು ಎಳೆದು ಹೊರಗಿಟ್ಟೆ. ಟಿವಿಯ ಕೇಬಲನ್ನು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸೇರಿದ ಕಿಂಡಿಗೆ ಹಾಕಿದೆ. ಒಟ್ಟು ಹತ್ತು ನಿಮಿಷದ ಕೆಲಸ. ಸಿನಿಮಾ ತಡೆಯಿಲ್ಲದೆ ಓಡಿತು. ಕೋಣೆಯಲ್ಲಿ ಪಾತ್ರಧಾರಿಗಳ ಮಾತು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

"ಇಷ್ಟೇನಾ?" ಅಂದರು ಸಾವಿತ್ರಮ್ಮ.

ಅಷ್ಟರಲ್ಲಿ ರಂಗಸ್ವಾಮಯ್ಯ ಬಂದರು. ಮೇಜಿನ ಮೇಲಿದ್ದ ಕಾರ್ಡ್ ಎತ್ತಿ ಅದರ ಫ್ಯಾನ್‌ಗಳನ್ನು ಬೆರಳಿಂದ ತಿರುಗಿಸಿ ನೋಡಿದರು, ಓಡುತ್ತಿದ್ದ ಸಿನಿಮಾ ನೋಡಿದರು. ಮೂವತ್ತೊಂದು ವರ್ಷ ಯಂತ್ರಗಳ ಜೊತೆ ಬದುಕಿದವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

"ಇದಿಲ್ದೇನೂ ಓಡ್ತದೆ ಅಂದ್ರೆ, ಯಾಕ್ ಹಾಕ್ದೆ?"

ಕೆಟ್ಟಿತ್ತು ಎಂದು ಹೇಳಲು ಬಾಯಿ ತೆರೆದೆ. ಸಾವಿತ್ರಮ್ಮ ನನ್ನನ್ನೇ ನೋಡುತ್ತಿದ್ದರು. ಆ ಸುಳ್ಳನ್ನು ನುಂಗಿ ಸ್ಕ್ರೂಗಳನ್ನು ಒಟ್ಟುಮಾಡತೊಡಗಿದೆ. ರಂಗಸ್ವಾಮಯ್ಯ ಹೆಂಡತಿಯ ಕಡೆ ತಿರುಗಿದರು. "ನಿಂಗೆ ಸದ್ದು ಕೇಳ್ತಿತ್ತಾ?" ಆಕೆ ಟಿವಿಯ ಪಕ್ಕದಲ್ಲಿದ್ದ ಹತ್ತಿಯ ಉಂಡೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅವರಿಗೆ ಅರ್ಥವಾಯಿತು. ನನ್ನ ಕಡೆ ತಿರುಗಿ ಹೇಳಿದರು:

"ನಂಗೆ ಕಿವಿ ಇಲ್ಲ ಅಂತ ತಾನೇ ನಿನ್ನ ಕಿವಿ ನಂಬಿದ್ದು?"

ಬೈಯಲಿಲ್ಲ. ಕಾರ್ಡನ್ನು ನನ್ನ ಚೀಲದಲ್ಲಿ ಅವರೇ ಇಟ್ಟರು. ನಾನು ತಲೆ ತಗ್ಗಿಸಿ, "ತಪ್ಪಾಯ್ತು ಯಜಮಾನ್ರೇ," ಅಂದೆ. ತಗ್ಗಿಸಿದ ತಲೆಯಿಂದ ಆಡಿದ ಮಾತು ಅವರಿಗೆ ತಲುಪಲಿಲ್ಲ. ಮುಖವೆತ್ತಿ ಇನ್ನೊಮ್ಮೆ ಹೇಳಲು ನನಗಾಗಲಿಲ್ಲ.

ಮುಂದಿನ ವರ್ಷ ಔಷಧಿ ಅಂಗಡಿಯ ಮುಂದೆ ಸಾವಿತ್ರಮ್ಮ ಸಿಕ್ಕರು. ಕಂಪ್ಯೂಟರ್ ಸರಿಯಾಗಿದೆಯೇ ಎಂದು ಕೇಳಿದೆ.

"ಅದಕ್ಕೇನಾಗಿಲ್ಲ. ಅವ್ರೇ ಹಿಂಗಾಗವ್ರೆ. ಹತ್ತು ನಿಮಿಷಕ್ಕೊಂದ್ಸಲ ಸಿನಿಮಾ ನಿಲ್ಸಿ, 'ನಿಜ ಹೇಳು, ನಿಂಗೆ ಚೆನ್ನಾಗಿ ಕೇಳ್ತಾ ಐತಾ, ಇಲ್ಲಾ ಸುಮ್ನೆ ನಗ್ತಿದ್ದೀಯಾ' ಅಂತಾರೆ. ಚೆನ್ನಾಗೈತೆ ಅಂದ್ರೂ ನಂಬಲ್ಲ. ಕೊನೆಗೆ ನಾನೇ ಬೇಡ ಅಂದ್ಬಿಟ್ಟೆ. ಈಗ ಅವ್ರು ಒಳಗೆ, ನಾನು ಜಗುಲೀಲಿ."

ಇಷ್ಟು ಹೇಳಿ ಔಷಧಿಯ ಚೀಟಿ ಹಿಡಿದು ಅಂಗಡಿಯೊಳಗೆ ಹೋದರು.

ತಪ್ಪು ಭಾಗ ಆರಿಸಿದರೆ ಬದಲಿಸಬಹುದು ಎಂಬುದು ನಮ್ಮ ವೃತ್ತಿಯವರ ಧೈರ್ಯ. ನಾನೂ ಬದಲಿಸಿದೆ, ಹತ್ತೇ ನಿಮಿಷದಲ್ಲಿ. ಆದರೆ ಹೆಂಡತಿಯ ನಗುವನ್ನು ಅನುಮಾನಿಸುವುದನ್ನು ಆ ಮನುಷ್ಯನಿಗೆ ಕಲಿಸಿದವನು ನಾನು, ಅದನ್ನು ಬಿಚ್ಚಿ ತೆಗೆಯುವ ಕೆಲಸ ನನಗೆ ಬರುವುದಿಲ್ಲ. ಈಗ ಗಿರಾಕಿಗಳು ಬಂದರೆ ಯಾವ ಭಾಗ ಬೇಡ ಎಂಬುದನ್ನೇ ಮೊದಲು ಹೇಳುತ್ತೇನೆ. ಪ್ರಾಮಾಣಿಕ ಮನುಷ್ಯ ಎನ್ನುತ್ತಾರೆ. ನಾನು ಬೇರೆ ಮಾತು ತೆಗೆಯುತ್ತೇನೆ.