ಸಿರಿಲ್‌ಗೆ ತಂದುಕೊಟ್ಟ ಮೀನು

ನಮ್ಮ ಭಾವ ಸಿದ್ದಲಿಂಗಪ್ಪನವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ವಿಜಾಪುರದ ಲಿಂಗವಂತರು, ಕೊರಳಲ್ಲಿ ಲಿಂಗ, ವಿಲಾಯತಿಗೆ ಬಂದು ನೆಲೆಸಿದರೂ ಹ್ಯಾರೋದ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಇಂಥ ಮನುಷ್ಯ ಮೀನು ಹಿಡಿಯುವವರ ಕ್ಲಬ್ಬಿಗೆ ಸೇರಿದ್ದಾದರೂ ಏಕೆ? ಪಕ್ಕದ ಮನೆಯ ಮುದುಕ ಸಿರಿಲ್‌ಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೇ.

ಸಿರಿಲ್‌ಗೆ ಕಣ್ಣು ಮಂಜಾಗಿತ್ತು. ಬೇಸಿಗೆಯಲ್ಲಿ ಒಮ್ಮೆ ಕ್ಲಬ್ಬಿನ ನದಿಯಲ್ಲಿ ಸಾಮನ್ ಮೀನು ಹಿಡಿದು ತಂದು ತಿನ್ನುವುದೇ ಅವನ ಹಬ್ಬ. ಇನ್ನು ತನ್ನ ಕೈಲಾಗದೆಂದು ಗಾಳದ ಕೋಲನ್ನು ಭಾವನಿಗೆ ಕೊಟ್ಟ. "ಇವನು ನಿಯಮ ಮೀರುವವನಲ್ಲ" ಎಂದು ಕ್ಲಬ್ಬಿನವರಿಗೆ ಮಾತೂ ಕೊಟ್ಟ. ೧೯೯೩ರಲ್ಲಿ ಭಾವ ಹೋದರು. ಹಾಳಾದ ಮೀನು ಮೊದಲ ದಿನವೇ ಸಿಕ್ಕಿಬಿಟ್ಟಿತು. ಗಾಳ ಸಿಕ್ಕಿದ ಅದರ ಬಾಯಿ ನೋಡಲಾಗದೆ ದಾರ ಕತ್ತರಿಸಿ ಬಿಟ್ಟುಬಿಟ್ಟರು. ಹಾಗೆಂದು ಹೇಳಬಹುದಿತ್ತಲ್ಲ? ಇಲ್ಲ. ಬರುವಾಗ ಅಕ್ಸ್‌ಬ್ರಿಡ್ಜ್‌ನ ಅಂಗಡಿಯಲ್ಲಿ ಒಂದು ಸಾಮನ್ ಕೊಂಡು ತಂದುಕೊಟ್ಟರು. ಮುದುಕ ತಿಂದು, ನನ್ನ ನದಿಯ ರುಚಿಯೇ ಬೇರೆ ಎಂದು ಕಣ್ಣೀರಿಟ್ಟ.

ಮರುವರ್ಷದಿಂದ ಭಾವ ನದಿಯ ಕಡೆ ತಲೆಯೇ ಹಾಕಲಿಲ್ಲ. ಗಾಳದ ಕೋಲು ಹಿಡಿದು ಟ್ಯೂಬ್ ರೈಲು ಹತ್ತಿ ಅಕ್ಸ್‌ಬ್ರಿಡ್ಜ್‌ಗೆ ಹೋಗಿ, ಸಂಜೆಯವರೆಗೆ ಚಹಾ ಕುಡಿಯುತ್ತ ಕೂತು, ಮೀನು ಕೊಂಡು ವಾಪಸ್. ಒಮ್ಮೆ ಆ ಅಂಗಡಿಯಲ್ಲೇ ನನ್ನ ಕಣ್ಣಿಗೆ ಬಿದ್ದರು. ನಡೆದದ್ದನ್ನೆಲ್ಲ ಹೇಳಿ, "ನಿಮ್ಮಕ್ಕಗ ಹೇಳಬ್ಯಾಡವಾ" ಎಂದು ಕೈಮುಗಿದರು. ಅಕ್ಕ ಬಸಲಿಂಗವ್ವ ತಿಳಿದದ್ದೇ ಬೇರೆ: ಮೀನು ಹಿಡಿಯುವವರು ಕ್ಲಬ್ಬಿನವರು, ಕೋಲು ಒಯ್ಯುವುದೂ ಅವರಿಗಾಗಿಯೇ, ಗಂಡ ಮೀನನ್ನು ಮುದುಕನಿಗೆ ತಲುಪಿಸುವವರು ಮಾತ್ರ.

೧೯೯೯ರ ಬೇಸಿಗೆ. ಅಕ್ಕನೂ ನಾನೂ ಸಿರಿಲ್‌ಗೆ ಹೋಳಿಗೆ ಕೊಡಲು ಹೋಗಿದ್ದೆವು. ಅಷ್ಟರಲ್ಲಿ ಭಾವ ಬಂದು ಮೀನಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

"ಎಲ್ಲಿಯದು?" ಸಿರಿಲ್‌ನ ದನಿ ಎಂದಿನಂತಿರಲಿಲ್ಲ.

"ನಮ್ಮ ನದಿಯದೇ."

"ನೀನು ಹೊರಟ ಮೇಲೆ ಕ್ಲಬ್ಬಿನಿಂದ ಫೋನ್ ಬಂತು. ಸಾಮನ್ ಸಂತತಿಯೇ ಅಳಿಯುತ್ತಿದೆ, ಈ ವರ್ಷ ಯಾರೂ ಹಿಡಿಯಬಾರದು ಅಂತ ನಿಲ್ಲಿಸಿದ್ದಾರೆ. ದಂಡೆಯಲ್ಲೇ ಬೋರ್ಡ್ ಹಾಕಿದ್ದಾರೆ. ಮೊಟ್ಟೆಯಿಡಲು ಬಿಟ್ಟ ಮೀನನ್ನು ಕೊಂದೆಯಾ? ನಿನಗಾಗಿ ಮಾತು ಕೊಟ್ಟವನು ನಾನು, ಸಿದ್ದು."

ಅಂಗಡಿಯದು ಎಂದಿದ್ದರೆ ಮುಗಿಯುತ್ತಿತ್ತು. ನಾನೇ ಬಾಯಿ ತೆರೆದೆ. ಭಾವ ಕಣ್ಣಲ್ಲೇ ತಡೆದರು.

"ಹೌದು, ಹಿಡಿದೆ" ಎಂದರು.

ಅಕ್ಕ ಬೆಳ್ಳಗಾದಳು. "ನೀವು ಕೊಂದ್ರಿ? ನಿಮ್ಮ ಕೈಯಾರೆ?"

"ಹೂಂ."

ಅವಳು ಹೋಳಿಗೆಯ ಡಬ್ಬಿ ಅಲ್ಲೇ ಬಿಟ್ಟು ಹೊರಟುಹೋದಳು. ಸಿರಿಲ್ ತನ್ನ ಗಾಳದ ಕೋಲನ್ನು ವಾಪಸ್ ಕೇಳಿದ. ಭಾವ ಅದನ್ನು ಗೋಡೆಗೆ ಒರಗಿಸಿ, ತಲೆ ತಗ್ಗಿಸಿ ಹೊರಬಂದರು. ನಾಚಿಕೆಯಿಂದ ನನಗೇ ಅಲ್ಲಿ ನಿಲ್ಲಲಾಗಲಿಲ್ಲ.

ಬೀದಿಯಲ್ಲಿ ಹರಿಹಾಯ್ದೆ. "ಖರೇ ಹೇಳಾಕ ನಿಮಗೇನ ಧಾಡಿ, ಭಾವ?"

"ಕಣ್ಣು ಕಾಣದವಗ ಇಷ್ಟು ವರ್ಷ ಅಂಗಡಿ ಮೀನ ತಿನ್ನಿಸೀನಿ ಅಂತ ಹ್ಯಾಂಗ ಹೇಳ್ಲಿ? ನನ್ನ ನದಿ ಅಂತ ಅತ್ತಾನ ಅಂವ. ಅದಕ್ಕಿಂತ ಕಳ್ಳ ಅನ್ನಿಸ್ಕೊಳ್ಳೂದು ಚಲೋ."

"ಅಕ್ಕಗರ ಹೇಳ್ರಿ."

"ಅಕಿ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ. ನಾಳೆ ಅವಗೂ ಗೊತ್ತಾಗ್ತೈತಿ."

ಮರುದಿನದಿಂದ ಪೂಜೆಯ ಹೊತ್ತಿಗೆ ಅಕ್ಕ ಅವರಿಗೆ ವಿಭೂತಿ ತೆಗೆದಿಡುವುದನ್ನು ಬಿಟ್ಟಳು. ಬೇಲಿಯಾಚೆ ಅವರ ಹೆಜ್ಜೆ ಸಪ್ಪಳವಾದರೆ ಸಿರಿಲ್ ಎದ್ದು ಒಳಗೆ ಹೋಗುತ್ತಿದ್ದ. ಎರಡು ಚಳಿಗಾಲ ಕಳೆದ ಮೇಲೆ ಮುದುಕ ತೀರಿಕೊಂಡ.

ಅವನನ್ನು ಮಣ್ಣು ಮಾಡಿ ಬಂದ ದಿನ ಅಕ್ಕನ ಮನಸ್ಸು ಕರಗಿತು. ವಿಭೂತಿ ಗಟ್ಟಿಯನ್ನು ಭಾವನ ಮುಂದಿಟ್ಟು, "ಆದದ್ದು ಆಗಿ ಹೋತು ಬಿಡ್ರಿ. ಆ ಮೀನಿನ ಪಾಪ ನಿಮಗ ಹತ್ತದಿರಲಿ" ಎಂದಳು.

ಇನ್ನು ಸಿರಿಲ್ ಇಲ್ಲ, ಈಗಲಾದರೂ ಹೇಳುತ್ತಾರೆಂದು ನಾನು ಕಾದೆ. ಭಾವ ತಲೆಯೆತ್ತಲಿಲ್ಲ, ವಿಭೂತಿಗೆ ಕೈಯೂ ಚಾಚಲಿಲ್ಲ. ಕಡೆಗೆ ಅಕ್ಕನೇ ಅವರ ಹಣೆಗೆ ಹಚ್ಚಿದಳು. ಅವರು ಬಿಕ್ಕಿ ಬಿಕ್ಕಿ ಅತ್ತರು. ಮೀನಿಗಾಗಿ ಅಳುತ್ತಿದ್ದಾರೆಂದುಕೊಂಡು ಅಕ್ಕ ಅವರ ಬೆನ್ನು ಸವರಿದಳು.