ಕೆಟ್ಟ ಸುದ್ದಿಗೆ ಚಹಾ ಕುಡಿಸುತ್ತಿದ್ದ ಜಿಲಾನಿ ಸರ್

ಒಳ್ಳೆಯ ಸುದ್ದಿ ಹೇಳಿದರೆ ಜಿಲಾನಿ ಸರ್ ಮುಖ ಸಣ್ಣದಾಗುತ್ತಿತ್ತು. ಕೆಟ್ಟದ್ದು ಹೇಳಿದರೆ ಚಹಾ ಕುಡಿಸುತ್ತಿದ್ದರು. ಜೇವರ್ಗಿ ಊರ ಹೊರಗಿನ ನಮ್ಮ ತೊಗರಿಬೇಳೆ ಮಿಲ್ಲಿಗೆ ಮ್ಯಾನೇಜರ್ ಆಗಿ ಬಂದ ಮೊದಲ ದಿನವೇ ನಮ್ಮನ್ನೆಲ್ಲ ಅಂಗಳದಲ್ಲಿ ಸುತ್ತ ನಿಲ್ಲಿಸಿ, ತಾವೂ ನಿಂತು, "ನಿನ್ನಿ ಏನೇನ್ ಖರಾಬ್ ಆಯ್ತು, ಹೇಳ್ರಿ" ಎಂದರು.

"ಏನಿಲ್ರಿ ಸರ್, ಎಲ್ಲಾ ಆರಾಮ್ ಅದರಿ" ಎಂದೆವು ಒಂದೇ ದನಿಯಲ್ಲಿ. ಮಿಲ್ಲಿನ ಮಾಲೀಕ ಸಾಹುಕಾರರಿಗೂ ನಾವು ಹೇಳುತ್ತಿದ್ದುದು ಅದನ್ನೇ. ಚೀಲ ಹರಿದರೂ ಆರಾಮ್, ಮೋಟಾರು ಸುಟ್ಟರೂ ಆರಾಮ್. ಕೆಟ್ಟ ಸುದ್ದಿ ಒಯ್ದವರ ತಲೆಯ ಮೇಲೆಯೇ ಅದು ಬೀಳುತ್ತದೆಂದು ಯಾರಿಗೆ ಗೊತ್ತಿರಲಿಲ್ಲ?

"ಎಲ್ಲಾ ಆರಾಮ್ ಇದ್ರ ನನಗ್ಯಾಕ ಪಗಾರ ಕೊಟ್ಟು ಕರಸ್ಯಾರ?" ಎಂದರು ಸರ್.

ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ಜರಡಿ ಹರದು ಒಂದ್ ವಾರಾತ್ರಿ, ಬ್ಯಾಳ್ಯಾಗ ಹೊಟ್ಟು ಬರಾಕತ್ತದ. ಮ್ಯಾನೇಜರ್ ಆದವರಿಗೆ ಕಾಣಬೇಕಲ್ಲ?" ಎಂದುಬಿಟ್ಟೆ. ಅವರು ನನ್ನ ಹೆಸರು ಕೇಳಿ, ಚಹಾದವನ ಕಡೆ ತಿರುಗಿ, "ನೀಲಮ್ಮಗ ಒಂದ್ ಚಹಾ ತರ್ರಿ" ಎಂದರು. ಚೇಷ್ಟೆ ಮಾಡುತ್ತಾರೇನೋ ಎಂದು ಸಿಟ್ಟು ಬಂತು. ಚಹಾ ಬಂತು. ಮಧ್ಯಾಹ್ನದೊಳಗೆ ಹೊಸ ಜರಡಿಯೂ ಬಂತು.

ಸರ್ ಆಳಂದದವರು. ಎಂಬಿಎ ಓದಿ, ದೂರದ ಊರಿನ ದೊಡ್ಡ ಕಾರ್ಖಾನೆಯಲ್ಲಿ ದುಡಿದು ಬಂದಿದ್ದರು. ಕಡ್ಡಿಯಂಥ ಆಳು. ಆಫೀಸಿನಲ್ಲಿ ಅವರ ಕುರ್ಚಿಯ ಮೇಲೆ ಊಟದ ಡಬ್ಬಿ ಕೂಡುತ್ತಿತ್ತು, ಅವರು ಕೂಡುತ್ತಿರಲಿಲ್ಲ. ಸಿಟ್ಟು ಏರಿದಷ್ಟೂ ದನಿ ಇಳಿಯುತ್ತಿತ್ತು, ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. ಅವರು "ದಯಮಾಡಿ ಕೇಳ್ರಿ" ಎಂದರೆ ನಾವು ಗಪ್ಪಾಗುತ್ತಿದ್ದೆವು.

ಅವರು ತಂದದ್ದರಲ್ಲಿ ನಮಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಕೆಂಪು ಹಗ್ಗ. ಮಷಿನ್‌ಗಳ ಉದ್ದಕ್ಕೂ, ಕೈಗೆ ಎಟುಕುವಂತೆ ಕಟ್ಟಿಸಿದ್ದರು. ಎಳೆದರೆ ಗಂಟೆ ಹೊಡೆದು ಇಡೀ ಮಿಲ್ಲು ನಿಲ್ಲುತ್ತದೆ. "ಏನರ ತಪ್ಪ್ ಕಂಡ್ರ ಯಾರ್ ಬೇಕಾದವರು ಎಳೀರಿ. ಯಾಕ್ ಎಳದಿ ಅಂತ ಯಾರೂ ಬಯ್ಯಂಗಿಲ್ಲ. ನಾನೂ ಇಲ್ಲ, ಸಾಹುಕಾರ್ರೂ ಇಲ್ಲ" ಎಂದರು. ಸಾಹುಕಾರರು ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದರು. ದೊಡ್ಡ ದೊಡ್ಡ ಅಂಗಡಿಗಳ ಖರೀದಿದಾರರಿಗೆ ಇಂಥದ್ದೆಲ್ಲ ಬಹಳ ಸೇರುತ್ತದೆಂದು ಅವರಿಗೂ ಗೊತ್ತಿತ್ತು. ಹಗ್ಗ ತೂಗಾಡುತ್ತಲೇ ಇತ್ತು, ಎಷ್ಟೋ ದಿನ ಯಾರ ಕೈಯೂ ಅತ್ತ ಹೋಗಲಿಲ್ಲ.

ಎಳೆದವಳು ದೇವಕ್ಕ. ಕಾಳು ಆರಿಸುವವರಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಮೆತ್ತಗಿನವಳು. ಅವತ್ತು ಒಂದು ದೊಡ್ಡ ಕಂಪನಿಗೆ ಮೊದಲ ಲೋಡು ಹೋಗಬೇಕಿತ್ತು. ಲಾರಿ ಬಾಗಿಲಲ್ಲಿ ನಿಂತಿತ್ತು, ಸಾಹುಕಾರರು ಗಡಿಯಾರ ನೋಡುತ್ತ ತಿರುಗಾಡುತ್ತಿದ್ದರು. ಬೇಳೆಯನ್ನು ಮೇಲಕ್ಕೆತ್ತುವ ಬೆಲ್ಟಿನ ಕಡೆಯಿಂದ ಸುಟ್ಟ ವಾಸನೆ ಬಂತೆಂದು ದೇವಕ್ಕ ಕಣ್ಣುಮುಚ್ಚಿ ಹಗ್ಗ ಎಳೆದಳು. ಗಂಟೆ ಹೊಡೆಯಿತು. ಮಿಲ್ಲು ನಿಂತಿತು.

ಬೆಲ್ಟು ಬಿಚ್ಚಿ ನೋಡಿದರು. ಏನೂ ಆಗಿರಲಿಲ್ಲ. ಪಕ್ಕದ ಹೊಲದಲ್ಲಿ ಕಾಳು ಬಡಿದು ರಾಶಿ ಮುಗಿದು ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚಿದ್ದರು, ಗಾಳಿ ತಿರುಗಿ ಹೊಗೆ ಕಿಟಕಿಯಿಂದ ಒಳಗೆ ಬಂದಿತ್ತು. ಅರ್ಧಕ್ಕೆ ನಿಂತ ಬೆಲ್ಟಿನಲ್ಲಿ ಬೇಳೆ ಸಿಕ್ಕಿಕೊಂಡಿತು, ತೆಗೆದು ಮತ್ತೆ ಶುರು ಮಾಡುವಷ್ಟರಲ್ಲಿ ಹೊತ್ತು ಮುಳುಗಿತು. ಕಂಪನಿಯವರು ಲೋಡು ಬೇಡವೆಂದು ಫೋನ್ ಮಾಡಿದರು.

ಸಾಹುಕಾರರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. "ಹುಟ್ಟಿದಾಗಿಂದ ತೊಗರಿ ಕಟಗಿ ಹೊಗ್ಯಾಗ ಅಡಗಿ ಮಾಡಾಕಿ ನೀ. ಆ ವಾಸ್ನಿ ಗೊತ್ತಾಗಲಿಲ್ಲೇನ್ ಬೇ ನಿನಗ? ನಾಳಿಂದ ಬರಬ್ಯಾಡ."

ದೇವಕ್ಕ ನೆಲ ನೋಡುತ್ತ ನಿಂತಿದ್ದಳು. ಸರ್ ಒಂದು ಹೆಜ್ಜೆ ಮುಂದೆ ಬಂದರು. ದನಿ ಪೂರ್ತಿ ಇಳಿದಿತ್ತು. "ದಯಮಾಡಿ ಕೇಳ್ರಿ ಸಾಹುಕಾರ್ರೆ. ಸುಳ್ಳ್ ಗಂಟಿ ಹೊಡದಾಕಿಗೆ ಶಿಕ್ಷಾ ಕೊಟ್ರ ಖರೇ ಗಂಟಿನೂ ಯಾರೂ ಹೊಡ್ಯಂಗಿಲ್ರಿ. ಆಕಿಗೆ ವಾಸ್ನಿ ಬಂತು, ಎಳದಳು. ನಾವ್ ಹೇಳಿದ್ದ ಮಾಡ್ಯಾಳ."

"ನಿಮ್ಮ ಓದಿನ ಮಾತು ಸಾಕ್ರಿ. ಆಕಿ ಹೋಗಬೇಕು, ಇಲ್ಲಾ ನೀವ್ ಹೋಗಬೇಕು."

ಸರ್ ಸಾಹುಕಾರರ ಮುಖ ನೋಡಿದರು, ಆಮೇಲೆ ಚಹಾದವನ ಕಡೆ ತಿರುಗಿ, "ದೇವಕ್ಕಗ ಒಂದ್ ಚಹಾ ಕೊಡಪಾ" ಎಂದರು. ಅವನು ಸಾಹುಕಾರರನ್ನು ನೋಡುತ್ತ ಅಲ್ಲೇ ನಿಂತ. ಸರ್ ತಾವೇ ಹೋಗಿ ಬಸಿದು ತಂದು ಅವಳ ಕೈಯಲ್ಲಿಟ್ಟರು. ಅರ್ಧ ಚಹಾ ಸೀರೆಯ ಮೇಲೆ ಚೆಲ್ಲಿತು. ಅವಳು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದು, ಆಮೇಲೆ ಕುರ್ಚಿಯ ಮೇಲಿನ ಡಬ್ಬಿ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ನನಗೆ ಸಾಹುಕಾರರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೇಳಿದ ಮಾತಿಗೆ ತಪ್ಪದೆ ಸಾಹುಕಾರರು ದೇವಕ್ಕನನ್ನು ಉಳಿಸಿಕೊಂಡರು. ಹಗ್ಗವನ್ನೂ ಉಳಿಸಿಕೊಂಡರು, ಸರ್ ಶುರು ಮಾಡಿದ್ದ ಅಂಗಳದ ಮುಂಜಾನೆಯ ಮೀಟಿಂಗನ್ನೂ ಉಳಿಸಿಕೊಂಡರು. ನೋಡಲು ಬಂದ ಖರೀದಿದಾರರಿಗೆ ತೋರಿಸಲು ಬೇಕಲ್ಲ. "ಏನರ ಖರಾಬ್ ಆಗ್ಯಾದೇನು?" ಎಂದು ಈಗ ಅವರೇ ಕೇಳುತ್ತಾರೆ. "ಏನಿಲ್ರಿ, ಎಲ್ಲಾ ಆರಾಮ್ ಅದರಿ" ಎನ್ನುತ್ತೇವೆ. ಚಹಾ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಬೆಲ್ಟು ಖರೇನೇ ಸುಟ್ಟಿತು. ವಾಸನೆ ಎಲ್ಲರ ಮೂಗಿಗೂ ಬಂತು. ಎಲ್ಲರೂ ಹಗ್ಗ ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿದೆವು. ಉರಿ ಕಂಡ ಮೇಲೆ ಯಾರೋ ಓಡಿಹೋಗಿ ಕರೆಂಟು ತೆಗೆದರು. ಜೀವ ಉಳಿದವು, ಮಷಿನ್ ಹೋಯಿತು.

"ಹಗ್ಗ ನಿನ್ನ ಕೈ ಮುಂದೇ ಇತ್ತಲ್ಲ ದೇವಕ್ಕ, ಯಾಕ್ ಎಳೀಲಿಲ್ಲ?" ಎಂದು ಕೇಳಿದೆ.

"ಹೋದ ಸಲ ಎಳದಾಗ ಸರ್ ಹೋದ್ರು. ಈ ಸಲ ಯಾರ್ ಹೋಗಬೇಕಿತ್ತಬೇ?" ಎಂದಳು.

ಅದಾದ ಮೇಲೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ಅಲ್ಲಿಯ ಹೆಣ್ಣುಮಕ್ಕಳ ಸಂಘದವರಿಗೆ ವ್ಯವಹಾರ ಕಲಿಸಲು ಬಂದಿದ್ದರಂತೆ. ಬೆಂಚು ಖಾಲಿ ಇದ್ದರೂ ನಿಂತೇ ಇದ್ದರು. ಸುಖದುಃಖ ವಿಚಾರಿಸುವ ಮೊದಲೇ, "ಏನ್ ಖರಾಬ್ ಅದ ಹೇಳ್ರಿ ನೀಲಮ್ಮ" ಎಂದರು. ಎಲ್ಲ ಆರಾಮ್ ಎನ್ನಬೇಕೆನ್ನಿಸಿತು. ಆ ಮುಖದ ಎದುರು ಸುಳ್ಳು ಬಾಯಿಗೆ ಬರಲಿಲ್ಲ. ಬೆಲ್ಟಿನದು ಹೇಳಿದೆ, ದೇವಕ್ಕ ಆಡಿದ ಮಾತನ್ನೂ ಹೇಳಿದೆ.

ಸರ್ ಹೋಟೆಲಿನ ಕಡೆ ತಿರುಗಿ ಎರಡು ಚಹಾ ಹೇಳಿದರು. ನನ್ನದು ನನ್ನ ಕೈಗೆ ಕೊಟ್ಟು, "ಕುಡೀರಿ. ನೀವ್ ಹೇಳಿದ್ದಕ್ಕ" ಎಂದರು. ಆಳಂದದ ಬಸ್ಸು ಬಂತು. ಅವರ ಚಹಾ ಬೆಂಚಿನ ಮೇಲೆ ಹಾಗೇ ಉಳಿಯಿತು.

ಮರುದಿನ ಮುಂಜಾನೆ ಸಾಹುಕಾರರು ದಿನದಂತೆ ಕೇಳಿದರು. ಎಲ್ಲರೂ ಆರಾಮ್ ಎಂದರು.

"ಒಂದ್ ಖರಾಬ್ ಸುದ್ದಿ ಅದರಿ ಸಾಹುಕಾರ್ರೆ" ಎಂದೆ. "ಈ ಹಗ್ಗ ಯಾರೂ ಎಳ್ಯಂಗಿಲ್ರಿ. ಯಾಕಂತ ನಿಮಗ ಗೊತ್ತದ."

ಸರ್ ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ದೇವಕ್ಕ ನನ್ನ ಸೆರಗು ಹಿಡಿದಳು. ಸಾಹುಕಾರರು ನನ್ನನ್ನೇ ನೋಡುತ್ತಿದ್ದರು, ಚಹಾದವನು ಸಾಹುಕಾರರನ್ನು ನೋಡುತ್ತಿದ್ದ.