ಚೀಸ್ ಹೆಚ್ಚಾದ ದಿನ

ಕಮಲಾಪುರದಲ್ಲಿ ಜಯದೇವಿ ಎಂದರೆ ಯಾವ ಜಯದೇವಿ ಎಂದು ಕೇಳುತ್ತಾರೆ. ಬರ್ಗರ್ ಜಯದೇವಿ ಎಂದರೆ ಮನೆ ಬಾಗಿಲ ತನಕ ಬಿಟ್ಟು ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಅವಳು ರೊಟ್ಟಿ ಬಡಿದು ಮಾರಿ ನೋಡಿದಳು. ನಮ್ಮೂರಿನಲ್ಲಿ ಆ ಕೆಲಸಕ್ಕೆ ಮನೆಗೊಬ್ಬರು ಇದ್ದಾರೆ, ಗಿಟ್ಟಲಿಲ್ಲ. ಆಗ ಕಲಬುರಗಿಯಲ್ಲಿ ಓದುತ್ತಿದ್ದ ಮಗಳು ಭಾಗ್ಯ ಫೋನಿನಲ್ಲಿ ತೋರಿಸಿದ್ದನ್ನು ನೋಡಿ ಪುಟ್ಟ ಪುಟ್ಟ ಬರ್ಗರ್ ಮಾಡಲು ಹಿಡಿದಳು. ಒಳಗೆ ಆಲೂಗಡ್ಡೆ, ನೆನೆಸಿ ರುಬ್ಬಿದ ಕಡಲೆಬೇಳೆ, ಹಸಿಮೆಣಸಿನಕಾಯಿ, ಮೇಲೆ ಚೀಸ್. ಈಗ ಹುಟ್ಟುಹಬ್ಬವಿರಲಿ, ಮಾಸ್ತರರ ಬೀಳ್ಕೊಡುಗೆಯಿರಲಿ, ಅವಳಿಗೇ ಹೇಳಿಕಳಿಸುತ್ತಾರೆ. ನಾನು ಪಕ್ಕದ ಮನೆಯವಳು. ಮಂದಿ ಬಹಳ ಇದ್ದಾಗ ನನ್ನನ್ನು ಕರೆಯುತ್ತಾಳೆ, ನಾನು ಬೈಯುತ್ತಲೇ ಹೋಗುತ್ತೇನೆ.

ಭಾಗ್ಯಳನ್ನು ಕಲಬುರಗಿಯ ಜೇವರ್ಗಿ ಕಾಲೋನಿಗೆ ಕೊಟ್ಟಿದೆ. ಈ ವರ್ಷ ಅವಳು ಬಸುರಿಯಾದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕುಬಸದ ದಿನ ಗೊತ್ತಾಯಿತು. ಬಯಕೆ ಏನು ಎಂದು ಅತ್ತೆ ಅಂಬಮ್ಮ ಕೇಳಿದರೆ ಹುಡುಗಿ, "ಅವ್ವ ಮಾಡೋ ಚೀಸ್ ಬರ್ಗರ್" ಎಂದಳಂತೆ. ಬಸುರಿಯ ಬಯಕೆ ಮುರಿದರೆ ಕೂಸಿನ ಕಿವಿ ಸೋರುತ್ತದೆ ಎಂದು ಗಟ್ಟಿಯಾಗಿ ನಂಬಿದ ಹೆಂಗಸು ಅಂಬಮ್ಮ. ಅಂದೇ ಕಮಲಾಪುರಕ್ಕೆ ಫೋನ್ ಬಂತು.

"ಬೀಗತಿ, ಬಂದವರಿಗೆಲ್ಲಾ ನೀವೇ ಮಾಡ್ರಿ. ಖರೇ, ಉಡಿ ತುಂಬೋ ಹೊತ್ತಿನಾಗ ಅಡಗಿಮನ್ಯಾಗೇ ಇರ್ರಿ. ಮನಸ್ಸಿಗಿ ಹಚ್ಕೋಬ್ಯಾಡ್ರಿ."

ಉಡಿ ತುಂಬುವುದು, ಬಯಕೆಯ ಮೊದಲ ತುತ್ತು ತಿನ್ನಿಸುವುದು ಎಲ್ಲ ಮುತ್ತೈದೆಯರ ಹಕ್ಕು. ಗಂಡನಿಲ್ಲದವಳು ಎದುರಿಗೂ ಬರಬಾರದು, ಅವಳು ಹೆತ್ತ ತಾಯಿಯೇ ಆಗಿದ್ದರೂ. ನನಗೆ ಮೈಯೆಲ್ಲ ಉರಿಯಿತು. ಅಂಬಮ್ಮನ ಮನೆಯ ಗೋಡೆಯ ಮೇಲೆ ಸಾಲಾಗಿ ಶರಣರ ಪಟಗಳಿವೆ. ಅವರಲ್ಲಿ ಯಾರೂ ಇಂಥ ನೇಮ ಹಾಕಿದವರಲ್ಲ.

"ಹೋಗಬ್ಯಾಡ ಬಿಡು. ಅವರೇ ಮಾಡ್ಕೊಂಡು ತಿನ್ಲಿ" ಎಂದೆ.

ಜಯದೇವಿ ಆಲೂಗಡ್ಡೆ ಆರಿಸುತ್ತಿದ್ದಳು. "ಒಂದೇ ಒಂದು ತುತ್ತು ನನ್ನ ಕೈಲೆ ತಿನಸಬೇಕಂತ ಬಾಳ ಆಸಿ ಅದ ನೋಡು. ಆಗಲಿಲ್ಲಂದ್ರ ಏನ್ ಮಾಡೋದು? ನಾ ಮಾಡಿದ್ದು ತಿಂತಾಳಲ್ಲ, ಅಷ್ಟೇ ಸಾಕು" ಎಂದಳು. ಸಾಕಾಗಿಲ್ಲ ಎಂದು ಅವಳ ದನಿಯೇ ಹೇಳುತ್ತಿತ್ತು.

ಕುಬಸದ ಬೆಳಿಗ್ಗೆ ಇಬ್ಬರೂ ಕಲಬುರಗಿಗೆ ಹೋಗಿ, ಗಾಜಿಪುರದ ಹಮೀದ್ ಬೇಕರಿಯಿಂದ ಒಂದಕ್ಕೊಂದು ಅಂಟಿದ ಸಣ್ಣ ಬನ್ನು ತಗೊಂಡು ಅಂಬಮ್ಮನ ಅಡುಗೆಮನೆ ಸೇರಿದೆವು. ಮಂದಿಗೆ ಮಾಡುವಾಗ ಬನ್ನು ಬಿಡಿಸಬಾರದು ಎನ್ನುವುದು ಜಯದೇವಿಯ ಪದ್ಧತಿ. ಅಂಟಿದ ಬನ್ನುಗಳ ಇಡೀ ಹಾಳೆಯನ್ನೇ ಅಡ್ಡ ಸೀಳಿ, ಕೆಳಗಿನ ಅರ್ಧದ ಮೇಲೆ ಕರಿದ ವಡೆಗಳನ್ನು ಸಾಲಾಗಿ ಕೂರಿಸಿ, ಚೀಸ್ ಹೊದಿಸಿ, ಮೇಲಿನ ಅರ್ಧ ಮುಚ್ಚಿ ದೊಡ್ಡ ಹಂಚಿನ ಮೇಲೆ ಇಡುತ್ತಾಳೆ. ಮೇಲೊಂದು ಅಗಲ ತಟ್ಟೆ, ಪರಾತ, ಕವುಚುತ್ತಾಳೆ. ಚೀಸ್ ಕರಗಿದ ಮೇಲೆ ಚಾಕುವಿನಿಂದ ಬಿಡಿಸುವುದು. ಭಾಗ್ಯಳಿಗೆಂದು ಮೊದಲ ಬರ್ಗರುಗಳನ್ನು ಒಂದು ತಟ್ಟೆಯಲ್ಲಿ ಮುಚ್ಚಿಟ್ಟಳು.

ಬರುತ್ತಾರೆ ಎಂದಿದ್ದಕ್ಕಿಂತ ಮಂದಿ ಎಷ್ಟೋ ಜಾಸ್ತಿ ಬಂದರು. ನೋಡನೋಡುತ್ತ ಚೀಸ್ ಖಾಲಿ. ನಮ್ಮಲ್ಲಿ ಶುಭದ ಮನೆಯಲ್ಲಿ ಏನಾದರೂ ತೀರಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಎಣ್ಣೆ ತೀರಿದರೆ ಎಣ್ಣೆ ಹೆಚ್ಚಾಯಿತು, ಬಳೆ ಒಡೆದರೆ ಬಳೆ ಹೆಚ್ಚಿತು. ಅದರಲ್ಲೂ ಜಯದೇವಿ, ಅದರಲ್ಲೂ ಆ ದಿನ, ಆ ಮಾತು ಬಾಯಿಂದ ಬಿಟ್ಟಾಳೆಯೇ? ಪರಾತ ಒಯ್ಯಲು ಬಂದ ಭಾಗ್ಯಳ ನಾದಿನಿ ಪ್ರೀತಿಗೆ ಮೆಲ್ಲಗೆ ಹೇಳಿದಳು:

"ತಂಗಿ, ಚೀಸ್ ಹೆಚ್ಚಾಗ್ಯಾದ. ನಿಮ್ಮಣ್ಣಗ ಜರಾ ಹೇಳು."

ಪ್ರೀತಿ ಸಣ್ಣವಳಿದ್ದಾಗಿನಿಂದ ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ. "ಹೌದಾ ಅತ್ತಿ? ಛಲೋನೇ ಆಯ್ತು!" ಎಂದು ನಗುತ್ತ ಹೋದಳು. ಚೀಸ್ ಬೇಕಾದಷ್ಟು ಉಳಿದಿದೆ ಎಂದು ಅಣ್ಣನಿಗೆ ಹೇಳಿ, ಹಿಂದಿನ ಗಲ್ಲಿಯವರನ್ನೂ ಕರೆಸಿದಳು. ನಾವು ಹಂಚಿನ ಕಡೆ ತಿರುಗಿದ್ದಾಗ, ಮುಚ್ಚಿಟ್ಟ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ಹಂಚಿಬಿಟ್ಟಳು.

ಪಡಸಾಲೆಯಲ್ಲಿ ಉಡಿ ತುಂಬುವುದು ಮುಗಿದು, ಬಯಕೆ ತಿನ್ನಿಸಲು ತಟ್ಟೆ ಕೇಳಿದರು. ಉಳಿದಿದ್ದು ಬರೀ ವಡೆ ಇಟ್ಟ ಬನ್ನು. ಅಂಬಮ್ಮ ಬನ್ನಿನ ಮೇಲ್ಭಾಗ ಎತ್ತಿ ನೋಡಿದರು.

"ಚೀಸ್ ಎಲ್ಲದ?"

"ಹೆಚ್ಚಾಗ್ಯಾದ ಅಂತ ಅತ್ತೀನೇ ಅಂದ್ರಲ್ಲವ್ವಾ!" ಎಂದಳು ಪ್ರೀತಿ.

"ಅಯ್ಯ ನಿನ್ನ! ಹೆಚ್ಚಾಗ್ಯಾದ ಅಂದ್ರ ಮುಗದದ ಅಂತ ಅರ್ಥ ಹುಚ್ಚಿ!" ಎಂದು ಮುದುಕಿಯೊಬ್ಬಳು ಅಂದಿದ್ದೇ ತಡ, ಜಮಖಾನದ ತುಂಬ ನಗು ಎದ್ದಿತು. ಅಂಬಮ್ಮ ನಗಲಿಲ್ಲ.

"ನಗ್ರಿ, ನಗ್ರಿ. ಬಯಕಿ ಮುರೀತು. ನಾಳಿ ಕೂಸಿನ ಕಿವಿ ಸೋರಿದ್ರ ಯಾರು ನೋಡಬೇಕು?" ಎಂದು ಪ್ರೀತಿಯ ಮೇಲೆ ಹರಿಹಾಯ್ದರು.

ಕೂಸು ಎಂಬ ಮಾತು ಕಿವಿಗೆ ಬಿದ್ದದ್ದೇ ಜಯದೇವಿ ಸೌಟು ಹಿಡಿದುಕೊಂಡೇ ಓಡಿದಳು, ಅವಳ ಹಿಂದೆ ನಾನು. "ಹುಡುಗೀದು ತಪ್ಪಿಲ್ರಿ, ನಾನೇ ಬಿಡಿಸಿ ಹೇಳಬೇಕಾಗಿತ್ತು" ಎನ್ನುತ್ತ ಪಡಸಾಲೆಯ ನಡುವೆ ಬಂದು ನಿಂತಳು. ಎಲ್ಲಿ ನಿಂತಿದ್ದೇನೆ ಎಂದು ಆಮೇಲೆ ತಿಳಿಯಿತು. ಅವಳು ಹಿಂದೆ ಸರಿಯತೊಡಗಿದಳು.

"ನಿಂದರು ಅವ್ವಾ" ಎಂದಳು ಭಾಗ್ಯ.

ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಏಳುವ ಹಾಗಿರಲಿಲ್ಲ. ಅತ್ತೆಯ ಕಡೆ ತಿರುಗಿದಳು.

"ಅತ್ತಿ, ನನಗ ಚೀಸಿನ ಬಯಕಿ ಇದ್ದಿದ್ದೇ ಇಲ್ರಿ. ಹೋಳಿಗಿ ಬೇಕಂದಿದ್ರ ನೀವೇ ಮಾಡ್ತಿದ್ರಿ, ಅವ್ವನ್ನ ಕರಸ್ತಿದ್ದಿಲ್ಲ. ಇದು ಬೇಕಂದ್ರ ಅವ್ವ ಬಂದೇ ಬರ್ತಾಳಂತ ಬೇಡಿದೆ. ನನಗ ಅವ್ವನ ಕೈ ತುತ್ತು ಬೇಕ್ರಿ."

ಅಂಬಮ್ಮ ಸೊಸೆಯ ಹೊಟ್ಟೆಯನ್ನು ನೋಡಿದರು, ನೆರೆದ ಮುತ್ತೈದೆಯರನ್ನು ನೋಡಿದರು. ಆಮೇಲೆ ತಟ್ಟೆಯನ್ನು ಜಯದೇವಿಯ ಮುಂದೆ ಹಿಡಿದರು.

"ಬಯಕಿ ಮುರೀಬಾರದು. ತಿನಸ್ರಿ ಬೀಗತಿ."

ಜಯದೇವಿ ಸೌಟು ನನ್ನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮಗಳ ಮುಂದೆ ಕೂತಳು. ಮೊದಲ ತುತ್ತು ಜಾರಿ ಉಡಿಯ ಅಕ್ಕಿಯ ಮೇಲೆ ಬಿತ್ತು. ಭಾಗ್ಯ ಮತ್ತೆ ಬಾಯಿ ತೆರೆದಳು.